ಆಪಲ್ ಟಿ.ವಿ. ಸೆಟ್ ಮಾಡಬೇಕೆ? ಅಂಗಡಿಯವನ ಲೆಕ್ಕದಲ್ಲಿ ಅಳೆಯುವ ಬಗೆ

ಎರಡು ಮೂರು ವರ್ಷಕ್ಕೊಮ್ಮೆ ಈ ಸುದ್ದಿ ಎದ್ದು ಬರುತ್ತದೆ: ಆಪಲ್ ಕಂಪನಿ ಇನ್ನು ಗೋಡೆಗೆ ಹಾಕುವ ಟಿ.ವಿ. ಸೆಟ್ಟನ್ನೇ ತಯಾರಿಸುತ್ತದಂತೆ. 2024ರ ನವೆಂಬರ್‌ನಲ್ಲಿ ಬ್ಲೂಮ್‌ಬರ್ಗ್ ಸುದ್ದಿಸಂಸ್ಥೆಯ ವರದಿಗಾರ ಮಾರ್ಕ್ ಗುರ್ಮನ್ ಅವರು, ಕಂಪನಿಯೊಳಗೆ ಅಂಥ ಆಲೋಚನೆ ಮತ್ತೆ ನಡೆದಿದೆ ಎಂದು ಬರೆದರು. ಅಮೆರಿಕದ ಷೇರುಗಳನ್ನು ಮೊಬೈಲ್‌ನಲ್ಲೇ ಕೊಳ್ಳುವ ನನ್ನ ಅಕ್ಕನ ಮಗ ಕೂಡಲೇ ಕೇಳಿದ: "ಮಾಮಾ, ಟಿ.ವಿ. ವ್ಯಾಪಾರ ನಿಮಗೆ ಗೊತ್ತು. ಇದು ಒಳ್ಳೆಯ ಸುದ್ದಿಯೋ, ಕೆಟ್ಟ ಸುದ್ದಿಯೋ?"

ನಾನು ದಾವಣಗೆರೆಯಲ್ಲಿ ಟಿ.ವಿ., ಫ್ರಿಜ್, ಮಿಕ್ಸಿ ಮಾರಿ ಸಂಸಾರ ನಡೆಸಿದವನು. ಗಿರಾಕಿಗಳು "ಪಿಕ್ಚರ್ ಟ್ಯೂಬ್ ಯಾವ ಕಂಪನಿಯದು?" ಎಂದು ಕೇಳುತ್ತಿದ್ದ ಕಾಲವನ್ನೂ ಕಂಡಿದ್ದೇನೆ, "ನೆಟ್‌ಫ್ಲಿಕ್ಸ್ ಬರುತ್ತದೆಯೇ?" ಎಂದಷ್ಟೇ ಕೇಳಿ ಕಾರ್ಡ್ ತೆಗೆಯುವ ಕಾಲವನ್ನೂ ಕಂಡಿದ್ದೇನೆ. ಕ್ಯಾಲಿಫೋರ್ನಿಯಾದ ಬುದ್ಧಿವಂತರಿಗೆ ನನ್ನ ಸಲಹೆ ಬೇಕಾಗಿಲ್ಲ. ಆದರೆ ಈ ಸರಕು ಕಾರ್ಖಾನೆಯ ಗೇಟು ದಾಟಿದ ಮೇಲೆ ಏನೇನು ಅನುಭವಿಸುತ್ತದೆ ಎಂಬುದು ಕೌಂಟರಿನ ಹಿಂದೆ ನಿಂತವನಿಗೇ ಚೆನ್ನಾಗಿ ಕಾಣುವುದು. ಆದ್ದರಿಂದ ಅಕ್ಕನ ಮಗನಿಗೆ ಒಳ್ಳೆಯದೆಂದೋ ಕೆಟ್ಟದ್ದೆಂದೋ ಹೇಳುವ ಬದಲು ಲೆಕ್ಕ ಹಾಕುವ ಕ್ರಮವನ್ನೇ ಬರೆದುಕೊಟ್ಟೆ. ಆಪಲ್ ಇರುವ ಜಾಗದಲ್ಲಿ ಬೇರೆ ಯಾವ ದುಬಾರಿ ಕಂಪನಿಯನ್ನು ಕೂರಿಸಿದರೂ ಈ ಕ್ರಮ ನಡೆಯುತ್ತದೆ.

ಮೊದಲು ಹಾಳೆಯ ಮೇಲೆ ಮೂರು ಕಾಲಂ ಎಳೆಯಿರಿ

ಪರದೆ, ಪೆಟ್ಟಿಗೆ (ಟಿ.ವಿ.ಗೆ ಜೋಡಿಸಿ ಇಂಟರ್‌ನೆಟ್ಟಿನ ವಿಡಿಯೊ ನೋಡುವ ಸಣ್ಣ ಸಾಧನ), ಚಂದಾ. "ಟಿ.ವಿ. ಮಾರುಕಟ್ಟೆಗೆ ಪ್ರವೇಶ" ಎಂದು ಪತ್ರಿಕೆಗಳು ಬರೆದಾಗ ಈ ಮೂರರಲ್ಲಿ ಯಾವುದನ್ನು ಹೇಳುತ್ತಿವೆ ಎಂಬುದನ್ನು ಬಿಡಿಸಿಕೊಳ್ಳದೆ ಮುಂದೆ ಹೋಗಬೇಡಿ. ಮೂರರ ಲಾಭವೂ ಬೇರೆ, ತಲೆನೋವೂ ಬೇರೆ.

ಆಪಲ್ ವಿಷಯದಲ್ಲಿ ಮೂರು ಕಾಲಂ ತುಂಬುವುದು ಸುಲಭ. ಪರದೆಯ ಕಾಲಂನಲ್ಲಿ ಒಂದೇ ಒಂದು ಹಳೆಯ ನಮೂದು: 1993ರ ಮ್ಯಾಕಿಂತೋಷ್ ಟಿ.ವಿ. ಕಪ್ಪು ಬಣ್ಣದ ಕಂಪ್ಯೂಟರು, 14 ಇಂಚಿನ ಸೋನಿ ಟ್ರಿನಿಟ್ರಾನ್ ಟ್ಯೂಬು, ಒಳಗೆ ಚಾನಲ್ ಹಿಡಿಯುವ ಒಂದು ಟ್ಯೂನರ್. ಸುಮಾರು 10,000 ತಯಾರಾದವು. ಕೆಲವೇ ತಿಂಗಳಲ್ಲಿ ಅಂಗಡಿಯಿಂದ ಮಾಯವಾಯಿತು. ಪೆಟ್ಟಿಗೆಯ ಕಾಲಂನಲ್ಲಿ 2007ರಲ್ಲಿ 299 ಡಾಲರಿಗೆ ಬಂದ ಆಪಲ್ ಟಿ.ವಿ.; ಅದನ್ನು ಆಪಲ್ ಸ್ಥಾಪಕರಲ್ಲೊಬ್ಬರಾದ ಸ್ಟೀವ್ ಜಾಬ್ಸ್ ಅವರೇ ಕಂಪನಿಯ ಹವ್ಯಾಸ ಎಂದು ಕರೆಯುತ್ತಿದ್ದರು. 2010ರಲ್ಲಿ ಅದು 99 ಡಾಲರಿಗೆ ಇಳಿಯಿತು. ಚಂದಾ ಕಾಲಂನಲ್ಲಿ 2019ರ ನವೆಂಬರ್ 1ರಂದು ಶುರುವಾದ ವಿಡಿಯೊ ಸೇವೆ. ನಮ್ಮಲ್ಲಿ ಆಗ ತಿಂಗಳಿಗೆ 99 ರೂಪಾಯಿ. ಹಾಗಾಗಿ ಆಪಲ್ ಎಂದೋ ಟಿ.ವಿ. ವ್ಯಾಪಾರದಲ್ಲಿದೆ. ಉಳಿದಿರುವ ಪ್ರಶ್ನೆ ಪರದೆಯದೊಂದೇ.

ಗಾಜು ಯಾರದು?

ಇದು ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ. ಇದರ ಮೇಲೆ ಹೆಚ್ಚು ಹೊತ್ತು ಕೂರಬೇಕು.

ಟಿ.ವಿ.ಯ ಖರ್ಚಿನಲ್ಲಿ ದೊಡ್ಡ ಪಾಲು ಪ್ಯಾನಲ್, ಅಂದರೆ ಚಿತ್ರ ಮೂಡುವ ಗಾಜಿನ ಪರದೆ. ಪ್ಯಾನಲ್ ಮಾಡುವ ಕಾರ್ಖಾನೆಗಳು ಜಗತ್ತಿನಲ್ಲಿ ಬೆರಳೆಣಿಕೆಯಷ್ಟು: ಸಾಮಾನ್ಯ ಎಲ್‌ಸಿಡಿ ಪರದೆಯಲ್ಲಿ ಚೀನಾದ ಬಿಒಇ, ಟಿಸಿಎಲ್‌ನ ಸಿಎಸ್‌ಒಟಿ, ಎಚ್‌ಕೆಸಿ ಇತ್ಯಾದಿ, ದೊಡ್ಡ ಅಳತೆಯ ಒಎಲ್‌ಇಡಿ ಎಂಬ ದುಬಾರಿ ಪರದೆಯಲ್ಲಿ ಕೊರಿಯಾದ ಎಲ್‌ಜಿ ಡಿಸ್‌ಪ್ಲೇ ಮತ್ತು ಸ್ಯಾಮ್‌ಸಂಗ್ ಡಿಸ್‌ಪ್ಲೇ. ಸೆಟ್‌ಗಳು 55, 65, 75 ಇಂಚಿನಲ್ಲೇ ಏಕೆ ಬರುತ್ತವೆ ಎಂದು ಗಿರಾಕಿಗಳು ಕೇಳಿದರೆ ನಾನು ಗಾಜಿನ ಕಥೆ ಹೇಳುತ್ತಿದ್ದೆ. ಹಾಳೆಯ ಅಳತೆಯ ಲೆಕ್ಕದಲ್ಲಿ 10.5ನೇ ತಲೆಮಾರು ಎನ್ನುವ ಕಾರ್ಖಾನೆಯಲ್ಲಿ ಒಂದು ಗಾಜಿನ ಹಾಳೆ 2,940 ಮಿಲಿಮೀಟರ್‌ಗೆ 3,370 ಮಿಲಿಮೀಟರ್. ಅದರಿಂದ 65 ಇಂಚಿನ ಎಂಟು, ಇಲ್ಲವೇ 75 ಇಂಚಿನ ಆರು ತುಂಡುಗಳು ಹೆಚ್ಚು ಹಾಳಾಗದೆ ಬರುತ್ತವೆ. ಬಟ್ಟೆ ಕತ್ತರಿಸುವ ದರ್ಜಿಯ ಲೆಕ್ಕವೇ ಇದೂ. ಕಾರ್ಖಾನೆ ಕಟ್ಟಲು ಸಾವಿರಾರು ಕೋಟಿ ಸುರಿದವನು ಅದನ್ನು ನಿಲ್ಲಿಸಲಾರ. ಕೊಳ್ಳುವವರು ಕಡಿಮೆಯಾದರೆ ಬೆಲೆ ಇಳಿಸಿಯಾದರೂ ಗಾಜು ಸಾಗಿಸುತ್ತಾನೆ. ಆ ಬೆಲೆ ಇಳಿತ ನೇರವಾಗಿ ನಮ್ಮ ಶೋರೂಮಿನ ಬೋರ್ಡಿನ ಮೇಲೆ ಬಂದು ಕೂರುತ್ತದೆ. ದೀಪಾವಳಿಗೆ ತರಿಸಿದ ಸ್ಟಾಕು ಸಂಕ್ರಾಂತಿಯ ಹೊತ್ತಿಗೆ ಕೊಂಡ ಬೆಲೆಗಿಂತ ಕೆಳಗೆ ಹೋಗಿರುವುದನ್ನು ಈ ಕಸುಬಿನಲ್ಲಿ ಯಾರು ನೋಡಿಲ್ಲ?

ಸೋನಿಯ ಕಥೆಯನ್ನು ಈ ಸುದ್ದಿ ಓದುವ ಪ್ರತಿಯೊಬ್ಬರೂ ಪಕ್ಕದಲ್ಲಿಟ್ಟುಕೊಳ್ಳಬೇಕು. ಟ್ರಿನಿಟ್ರಾನ್ ಕಾಲದಲ್ಲಿ ಅವರ ಟ್ಯೂಬು ಅವರದೇ. ಬೇರೆಯವರಿಗಿಂತ ಹೆಚ್ಚು ಬೆಲೆ ಕೇಳುವ ಧೈರ್ಯ ಅಲ್ಲಿಂದ ಬಂದದ್ದು. ಚಪ್ಪಟೆ ಪರದೆ ಬಂದಾಗ ಗಾಜು ಕೈತಪ್ಪಿತು. 2004ರಲ್ಲಿ ಸ್ಯಾಮ್‌ಸಂಗ್ ಜೊತೆ ಸೇರಿ ಎಸ್-ಎಲ್‌ಸಿಡಿ ಎಂಬ ಪಾಲುದಾರಿಕೆ ಕಂಪನಿ ಮಾಡಿಕೊಂಡರೂ, 2011ರ ಕೊನೆಯಲ್ಲಿ ತಮ್ಮ ಪಾಲನ್ನು ಸ್ಯಾಮ್‌ಸಂಗ್‌ಗೇ ಮಾರಲು ಒಪ್ಪಿದರು. 2004ರ ಹಣಕಾಸು ವರ್ಷದಿಂದ ಸತತ ಹತ್ತು ವರ್ಷ ಅವರ ಟಿ.ವಿ. ವಿಭಾಗ ನಷ್ಟದಲ್ಲಿತ್ತು. 2014ರ ಜುಲೈಯಲ್ಲಿ ಅದನ್ನು ಪ್ರತ್ಯೇಕ ಕಂಪನಿ ಮಾಡಿ, ಮಾದರಿಗಳನ್ನು ಕಡಿಮೆ ಮಾಡಿ, ದೊಡ್ಡ ಅಳತೆಯ ದುಬಾರಿ ಸೆಟ್‌ಗಳ ಕಡೆ ಹೊರಳಿದ ಮೇಲೆ ಲಾಭದ ಮುಖ ಕಂಡಿತು. ಇದು ಸೋನಿಯ ಗತಿ! ಟಿ.ವಿ. ಎಂದರೆ ಸೋನಿ ಎಂದು ಜನ ಮದುವೆಗೆ ಉಡುಗೊರೆ ಕೊಡುತ್ತಿದ್ದ ಹೆಸರು. ಹೊಸದಾಗಿ ಬರುವ ಕಂಪನಿ ಇವರಿಗಿಂತ ಏನು ಹೆಚ್ಚು ತರುತ್ತದೆ ಎಂದು ಹಾಳೆಯ ಅಂಚಿನಲ್ಲಿ ಬರೆಯಿರಿ. ಬರೆಯಲು ಏನೂ ತೋಚದಿದ್ದರೆ ಅರ್ಧ ಉತ್ತರ ಸಿಕ್ಕಂತೆ.

ಒಂದು ಲಕ್ಷದ ಸೆಟ್ಟಿನ ಲೆಕ್ಕ

ಈಗ ಕ್ಯಾಲ್ಕುಲೇಟರ್ ತೆಗೆಯಿರಿ. 65 ಇಂಚಿನ ಒಂದು ಸೆಟ್, ಗಿರಾಕಿ ಕೊಡುವುದು 1,00,000 ರೂಪಾಯಿ ಎಂದು ಇಟ್ಟುಕೊಳ್ಳೋಣ.

2025ರ ಸೆಪ್ಟೆಂಬರ್ 22ರಿಂದ ದೊಡ್ಡ ಟಿ.ವಿ.ಗೂ ಜಿಎಸ್‌ಟಿ ಶೇ 18. ಅದಕ್ಕೆ ಮೊದಲು 32 ಇಂಚು ಮೀರಿದರೆ ಶೇ 28 ಇತ್ತು. ತೆರಿಗೆ ಕಳೆದರೆ ಉಳಿಯುವುದು ಸುಮಾರು 84,750. ಅಂಗಡಿಯವನಿಗೆ ಶೇ 10 ಬಿಡಿ. (ನಮಗೆ ಅಷ್ಟು ಸಿಗುವುದು ಸ್ಕೀಮು, ಟಾರ್ಗೆಟ್ ಎಲ್ಲ ಸೇರಿಸಿದಾಗ; ಬಿಲ್ಲಿನಲ್ಲಿ ಕಾಣುವುದು ಇನ್ನೂ ಕಡಿಮೆ.) ಕಂಪನಿಯ ಕೈಗೆ ಸುಮಾರು 76,270 ಬಂತು. 2024ರ ಹಣಕಾಸು ವರ್ಷದಲ್ಲಿ ಆಪಲ್ ತನ್ನ ವಸ್ತುಗಳ ಮಾರಾಟದ ಮೇಲೆ ಗಳಿಸಿದ ಒಟ್ಟು ಲಾಭ (ಸರಕಿನ ಖರ್ಚಷ್ಟೇ ಕಳೆದದ್ದು) ಶೇ 37ರಷ್ಟು. ಅದೇ ಪ್ರಮಾಣ ಇಲ್ಲಿಯೂ ಬೇಕೆಂದರೆ 28,220 ತೆಗೆದಿಡಬೇಕು. ಉಳಿದ 48,050ರಲ್ಲಿ ಪ್ಯಾನಲ್, ಬೋರ್ಡು, ಸ್ಪೀಕರು, ಲೋಹದ ಚೌಕಟ್ಟು, ಸಾಗಾಟ, ವಾರಂಟಿಯ ಖರ್ಚು ಎಲ್ಲವೂ ಮುಗಿಯಬೇಕು.

ಮುಗಿಯುವುದಿಲ್ಲವೆಂದು ನಾನು ಹೇಳುವುದಿಲ್ಲ. ಸಾಮಾನ್ಯ ಎಲ್‌ಸಿಡಿ ಹಾಕಿದರೆ ಮುಗಿಯುತ್ತದೆ. ಆದರೆ ಅದೇ ಕಾರ್ಖಾನೆಯ ಗಾಜು ಹಾಕಿದ ಇನ್ನೊಂದು ಸೆಟ್ ಪಕ್ಕದ ಗೋಡೆಯ ಮೇಲೆ ಅರ್ಧದ ಆಸುಪಾಸಿನ ಬೆಲೆಗೆ ಹೊಳೆಯುತ್ತಿರುತ್ತದೆ. ಫೋನಿನಲ್ಲಾದರೆ ಗಿರಾಕಿ ಕೈಯಲ್ಲಿ ಹಿಡಿದು, ತಿರುಗಿಸಿ, ತೂಕ ನೋಡಿ ಹೆಚ್ಚು ಹಣ ಕೊಡಲು ಒಪ್ಪುತ್ತಾನೆ. ಟಿ.ವಿ.ಯನ್ನು ಹಾಕಿದ ಮೇಲೆ ಮನೆಯಲ್ಲಿ ಕಾಣುವುದು ಪರದೆ ಮಾತ್ರ. ಚೌಕಟ್ಟು ಎಷ್ಟು ತೆಳ್ಳಗಿದ್ದರೆ ಅಷ್ಟು ಒಳ್ಳೆಯದೆಂದು ಎಲ್ಲ ಕಂಪನಿಗಳೂ ಅದನ್ನು ಇಲ್ಲವಾಗಿಸಿವೆ. ಅಂದವನ್ನು ತೋರಿಸಿ ಹಣ ಪಡೆಯುವ ಕಂಪನಿಗೆ ಅಂದ ತೋರಿಸಲು ಜಾಗವೇ ಉಳಿದಿಲ್ಲ. ಒಎಲ್‌ಇಡಿ ಹಾಕಿ ಮೇಲಕ್ಕೆ ಹೋಗೋಣವೆಂದರೆ ಅಲ್ಲಿ ಗಾಜು ಮಾರುವವರ ಸೋದರ ಕಂಪನಿಗಳೇ, ಎಲ್‌ಜಿ ಮತ್ತು ಸ್ಯಾಮ್‌ಸಂಗ್, ಎದುರಾಳಿಗಳು.

ಇನ್ನೊಂದು ಗುಣಾಕಾರವನ್ನೂ ಮಾಡಿಬಿಡಿ. ವರ್ಷಕ್ಕೆ 50 ಲಕ್ಷ ಸೆಟ್, ತಲಾ 2,000 ಡಾಲರಿನಂತೆ ಮಾರಿದರು ಎಂದು ಉದಾರವಾಗಿ ಊಹಿಸಿ: 1,000 ಕೋಟಿ ಡಾಲರ್. ಕೇಳಲು ದೊಡ್ಡದು. ಆದರೆ ಆಪಲ್‌ನ 2024ರ ಹಣಕಾಸು ವರ್ಷದ ವಹಿವಾಟು 39,100 ಕೋಟಿ ಡಾಲರ್. ಅದರಲ್ಲಿ ಇದು ಶೇ ಎರಡೂವರೆ. ಅಷ್ಟಕ್ಕಾಗಿ ಕಂಪನಿ ತಲೆಯ ಮೇಲೆ ಎಳೆದುಕೊಳ್ಳುವ ಕೆಲಸ ಎಂಥದೆಂಬುದು ಮುಂದಿನ ಮಾತು.

ರಟ್ಟಿನ ಪೆಟ್ಟಿಗೆಯ ಹಿಂದೆ ಹೋಗಿ ನೋಡಿ

ಟಿ.ವಿ. ವ್ಯಾಪಾರದ ಬಗ್ಗೆ ವರದಿ ಬರೆಯುವವರಲ್ಲಿ ಎಷ್ಟು ಜನ 65 ಇಂಚಿನ ಪೆಟ್ಟಿಗೆಯನ್ನು ಲಿಫ್ಟ್ ಇಲ್ಲದ ಕಟ್ಟಡದ ಮೂರನೆಯ ಮಹಡಿಗೆ ಹತ್ತಿಸಿದ್ದಾರೆ? ನಮ್ಮ ಹುಡುಗರು ಹತ್ತಿಸಿದ್ದಾರೆ. ಮೆಟ್ಟಿಲಿನ ತಿರುವಿನಲ್ಲಿ ಪೆಟ್ಟಿಗೆ ಮಲಗಿಸಬಾರದು, ಮಲಗಿಸದೆ ತಿರುಗುವುದಿಲ್ಲ. ಒಳಗೆ ಗಾಜು ಬಿರುಕುಬಿಟ್ಟಿದ್ದರೆ ಅದು ಗೊತ್ತಾಗುವುದು ಕರೆಂಟು ಕೊಟ್ಟ ಮೇಲೆ. ಆಗ ಸಾಗಾಟದವನು, ಅಂಗಡಿಯವನು, ಕಂಪನಿಯವನು ಮೂವರೂ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಒಡೆದ ಪ್ಯಾನಲ್ ಬದಲಿಸುವ ಖರ್ಚು ಹೊಸ ಸೆಟ್ಟಿನ ಬೆಲೆಯ ಹತ್ತಿರ ಹೋಗುತ್ತದೆ. ಸಣ್ಣ ಅಳತೆಯದಾದರೆ ರಿಪೇರಿಯ ಮಾತೇ ಎತ್ತುವುದಿಲ್ಲ.

ಇದನ್ನು ಅಳೆಯುವ ವಿಧಾನ ಹೀಗೆ: ಆ ಕಂಪನಿಯ ಈಗಿನ ಅಂಗಡಿಗೆ ಹೋಗಿ, ಅಲ್ಲಿ ಹೊಸ ಸರಕು ಹೇಗೆ ಹಿಡಿಸುತ್ತದೆ ಎಂದು ಕಣ್ಣಳತೆ ಮಾಡಿ. ಬೆಂಗಳೂರಿನ ಹೆಬ್ಬಾಳದ ಬಳಿ ಫೀನಿಕ್ಸ್ ಮಾಲ್ ಆಫ್ ಏಷ್ಯಾದಲ್ಲಿ 2025ರ ಸೆಪ್ಟೆಂಬರ್ 2ರಂದು ಆಪಲ್ ತನ್ನ ಅಂಗಡಿ ತೆರೆಯಿತು. ಮರದ ಮೇಜುಗಳು, ಮೇಜಿನ ಮೇಲೆ ಫೋನುಗಳು. ಕೊಂಡವರು ಜೇಬಿಗಿಳಿಸಿಕೊಂಡು ಕಾಫಿ ಕುಡಿಯಲು ಹೋಗುತ್ತಾರೆ. ಒಂದು ಚದರ ಅಡಿ ಜಾಗದಲ್ಲಿ ಎಷ್ಟು ಲಕ್ಷದ ಐಫೋನ್ ಜೋಡಿಸಬಹುದು, ಅದೇ ಜಾಗದಲ್ಲಿ ಎಷ್ಟು ಟಿ.ವಿ. ನಿಲ್ಲಿಸಬಹುದು ಎಂದು ಅಲ್ಲೇ ನಿಂತು ಯೋಚಿಸಿ. ಜೊತೆಗೆ ಮನೆಗೆ ತಲುಪಿಸುವ ಗಾಡಿ, ಗೋಡೆಗೆ ಡ್ರಿಲ್ ಹೊಡೆಯುವ ಹುಡುಗ, "ಗೋಡೆ ಒಳಗೆ ಪೊಳ್ಳಿದೆ ಸಾರ್" ಎಂಬ ಫೋನು, ವೋಲ್ಟೇಜು ಏರಿಳಿಯುವ ಬಡಾವಣೆಯ ದೂರುಗಳು. ಹಳೆಯ ಸೆಟ್ಟನ್ನು ಎಕ್ಸ್‌ಚೇಂಜ್‌ಗೆ ತೆಗೆದುಕೊಳ್ಳುವುದೂ ನಮ್ಮ ತಲೆಗೇ.

ಫೋನನ್ನು ಮೂರು ನಾಲ್ಕು ವರ್ಷಕ್ಕೆ ಬದಲಿಸುವ ಗಿರಾಕಿಯೇ ಟಿ.ವಿ.ಯನ್ನು ಕೆಡುವವರೆಗೆ ಇಟ್ಟುಕೊಳ್ಳುತ್ತಾನೆ. ಕೆಟ್ಟ ಮೇಲೂ ಮಲಗುವ ಕೋಣೆಗೆ ಸಾಗಿಸಿ ರಿಪೇರಿ ಮಾಡಿಸುತ್ತಾನೆ. ಇಷ್ಟೇ ಹೇಳಿ ಮುಂದೆ ಹೋಗುತ್ತೇನೆ; ಇದಕ್ಕೆ ವಿವರಣೆ ಬೇಡ.

ಆಮೇಲೆ ಹಣ ಕೊಡುವವರು ಯಾರು?

ಈಗಿನ ಅಗ್ಗದ ಟಿ.ವಿ.ಗಳು ಅಷ್ಟು ಅಗ್ಗ ಹೇಗೆ ಎಂದು ಕೇಳಿದರೆ ಉತ್ತರ ಆ್ಯಪ್ ಕಂಪನಿಗಳು ಹಣ ಕೊಟ್ಟು ಹಾಕಿಸುವ ರಿಮೋಟಿನ ಗುಂಡಿಗಳಲ್ಲಿದೆ, ಮುಖಪುಟದ ಜಾಹೀರಾತಿನಲ್ಲಿದೆ. 2018ರಲ್ಲಿ ಶಿಯೋಮಿ 55 ಇಂಚಿನ ಸೆಟ್ಟನ್ನು 39,999ಕ್ಕೆ ತಂದು ಇಲ್ಲಿನ ಬೆಲೆಗಳನ್ನೆಲ್ಲ ಅಲುಗಾಡಿಸಿತು. ಅದೇ ವರ್ಷ ಅದರ ಮುಖ್ಯಸ್ಥ ಲೇ ಜುನ್ ಅವರು ವಸ್ತುಗಳ ಮೇಲೆ ನಿವ್ವಳ ಲಾಭ ಶೇ 5 ಮೀರುವುದಿಲ್ಲವೆಂದು ಮಾತು ಕೊಟ್ಟರು. ಅಮೆರಿಕದಲ್ಲಿ ರೋಕು ಕಂಪನಿ ಪೆಟ್ಟಿಗೆಗಳನ್ನು ನಷ್ಟಕ್ಕೆ ಮಾರಿ ಜಾಹೀರಾತಿನಲ್ಲಿ ಗಳಿಸುತ್ತದೆ. ವಿಝಿಯೊ ಎಂಬ ಟಿ.ವಿ. ಕಂಪನಿಯನ್ನು ವಾಲ್‌ಮಾರ್ಟ್ 2024ರಲ್ಲಿ 230 ಕೋಟಿ ಡಾಲರಿಗೆ ಕೊಂಡದ್ದು ಅದರ ಚೌಕಟ್ಟುಗಳ ಮೋಹಕ್ಕಲ್ಲ. ಮನೆಮನೆಯ ಪರದೆಯಲ್ಲಿ ಜಾಹೀರಾತು ಹಾಕುವ ಅವಕಾಶಕ್ಕೆ. ಇದೇ ವಿಝಿಯೊ, ನೋಡುಗರು ಏನು ನೋಡುತ್ತಾರೆಂದು ಅವರಿಗೆ ತಿಳಿಸದೆ ದಾಖಲಿಸಿಕೊಂಡದ್ದಕ್ಕೆ 2017ರಲ್ಲಿ 22 ಲಕ್ಷ ಡಾಲರ್ ಕಟ್ಟಿ ಪ್ರಕರಣ ಮುಗಿಸಿಕೊಂಡಿತ್ತು.

ಇಲ್ಲಿ ದುಬಾರಿ ಕಂಪನಿಯನ್ನು ಹೀಗೆ ಪರೀಕ್ಷಿಸಿ: ಅದು ಇಷ್ಟು ವರ್ಷ ಜನರಿಗೆ ಕೊಟ್ಟ ಮಾತೇನು? "ನಿಮ್ಮ ಖಾಸಗಿ ವಿಷಯ ನಿಮ್ಮದೇ" ಎಂದು ಫಲಕ ಹಾಕಿಸಿದ ಆಪಲ್, ನಿಮ್ಮ ಹಜಾರದಲ್ಲಿ ಕೂತು ನೀವು ನೋಡುವುದನ್ನು ಎಣಿಸಿಕೊಂಡು ಹಣ ಮಾಡಿದರೆ ಫೋನಿನ ವ್ಯಾಪಾರಕ್ಕೇ ಪೆಟ್ಟು. ಆ ಹಣ ಬೇಡವೆಂದರೆ, ಅದೇ ಹಣದಿಂದ ಬೆಲೆ ಇಳಿಸುವವರ ಎದುರು ನಿಲ್ಲಬೇಕು.

ಚೌಕಟ್ಟಿಲ್ಲದೆಯೇ ಕೆಲಸ ಆಗುತ್ತದೆಯೇ?

ನನ್ನ ತೀರ್ಮಾನ ನಿಂತಿರುವುದು ಈ ಪರೀಕ್ಷೆಯ ಮೇಲೆ. ಕಂಪನಿಗೆ ನಿಜವಾಗಿ ಬೇಕಾದದ್ದೇನು ಎಂದು ಒಂದು ಸಾಲಿನಲ್ಲಿ ಬರೆಯಿರಿ. ಅದನ್ನು ಬೇರೆಯವರ ಟಿ.ವಿ. ಮೇಲೆ ಕೂತು ಪಡೆಯಬಹುದಾದರೆ ಸ್ವಂತ ಟಿ.ವಿ. ಮಾಡುವುದು ದುಡುಕು.

2010ರಲ್ಲಿ ಒಂದು ಸಮ್ಮೇಳನದಲ್ಲಿ ಜಾಬ್ಸ್ ಅವರು, ಕೇಬಲ್ ಕಂಪನಿಗಳು ಸೆಟ್-ಟಾಪ್ ಬಾಕ್ಸನ್ನು ಪುಕ್ಕಟೆಯಾಗಿಯೋ ತಿಂಗಳಿಗೆ ಹತ್ತು ಡಾಲರಿಗೋ ಕೊಡುತ್ತಿರುವಾಗ ಹೊಸದನ್ನು ಹಣ ಕೊಟ್ಟು ಯಾರು ಕೊಳ್ಳುತ್ತಾರೆ ಎಂದು ಸಮಸ್ಯೆಯ ಬೇರನ್ನೇ ತೋರಿಸಿದ್ದರು. ಆ ತೊಡಕನ್ನು ಕಳಚಿದ್ದು ಇಂಟರ್‌ನೆಟ್ ಮತ್ತು ಆ್ಯಪ್‌ಗಳು. 2019–20ರಲ್ಲಿ ಆಪಲ್, ಫೋನಿನ ಚಿತ್ರವನ್ನು ಟಿ.ವಿ.ಗೆ ಕಳಿಸುವ ತನ್ನ ಏರ್‌ಪ್ಲೇಯನ್ನೂ ವಿಡಿಯೊ ಆ್ಯಪನ್ನೂ ಸ್ಯಾಮ್‌ಸಂಗ್, ಎಲ್‌ಜಿ ಸೆಟ್‌ಗಳ ಮೇಲೆ ಹಾಕಿಸಿತು. ಗಾಜು ಅವರದು, ಗೋದಾಮು ಅವರದು, ಮೂರನೆಯ ಮಹಡಿಯ ಹುಡುಗರೂ ಅವರವರೇ. ಚಂದಾ ಮಾತ್ರ ಆಪಲ್‌ನದು. ಅದೇ 2024ರಲ್ಲಿ ಆಪಲ್‌ನ ಸೇವೆಗಳ ಮೇಲಿನ ಒಟ್ಟು ಲಾಭ ಶೇ 74ರ ಹತ್ತಿರವಿತ್ತು. ಚಿತ್ರ ಇನ್ನೂ ಸೊಗಸಾಗಿ ಬೇಕೆನ್ನುವವರಿಗೆ 2022ರ ಪೆಟ್ಟಿಗೆ 14,900 ರೂಪಾಯಿಗೆ ಬಂತು. ಈ ಸ್ಥಿತಿಯಲ್ಲಿ ಪರದೆ ಮಾಡಿ ಏನು ಹೆಚ್ಚು ಗಳಿಸುವುದು?

ಗೂಗಲ್ ಕೂಡ ಇದೇ ದಾರಿಯಲ್ಲಿ ಎಡವಿ ಕಲಿಯಿತು. 2010ರಲ್ಲಿ ಅದರ ಟಿ.ವಿ. ವ್ಯವಸ್ಥೆ ಹೊತ್ತ ಲಾಜಿಟೆಕ್ ರೆವ್ಯೂ ಪೆಟ್ಟಿಗೆ 299 ಡಾಲರಿಗೆ ಬಂದು, ಮರುವರ್ಷ 99ಕ್ಕೆ ಇಳಿದು, ಲಾಜಿಟೆಕ್‌ಗೆ ಭಾರಿ ನಷ್ಟ ತಂದಿತು. 2013ರಲ್ಲಿ ಬೆರಳಿನಷ್ಟು ದೊಡ್ಡ ಕ್ರೋಮ್‌ಕಾಸ್ಟ್ 35 ಡಾಲರಿಗೆ ಬಂದು ಮನೆಮನೆಗೆ ಹೋಯಿತು.

ಹಿಂದೆ ಬಂದವರ ಪಟ್ಟಿ ಓದಿ

ಬೋಸ್ 2010ರಲ್ಲಿ 46 ಇಂಚಿನ ವಿಡಿಯೊವೇವ್ ತಂದಿತು, 5,349 ಡಾಲರಿಗೆ. ಧ್ವನಿ ಅದ್ಭುತ, ವ್ಯಾಪಾರ ಉಳಿಯಲಿಲ್ಲ. ಪಯೊನೀರ್‌ನ ಕುರೊ ಪ್ಲಾಸ್ಮಾ ಪರದೆಯ ಕಪ್ಪನ್ನು ಇಂದಿಗೂ ಹೊಗಳುವವರಿದ್ದಾರೆ. ಕಂಪನಿ 2009ರಲ್ಲೇ ಟಿ.ವಿ. ಬಿಡುವುದಾಗಿ ಹೇಳಿತು. ಜರ್ಮನಿಯ ಲೋವೆ 1923ರ ಕಂಪನಿ, 2013ರಲ್ಲೊಮ್ಮೆ 2019ರಲ್ಲೊಮ್ಮೆ ದಿವಾಳಿ ಅರ್ಜಿ ಹಾಕಿತು. ಇವರಾರೂ ಕೆಟ್ಟ ಸರಕು ಮಾಡಿದವರಲ್ಲ.

ನಮ್ಮ ದೇಶದಲ್ಲಿ ಒನ್‌ಪ್ಲಸ್ ಹೆಜ್ಜೆಗಳನ್ನು ನೋಡಿದರೆ ಇನ್ನೂ ಸ್ಪಷ್ಟ. 2019ರ ಸೆಪ್ಟೆಂಬರ್‌ನಲ್ಲಿ 55 ಇಂಚಿನ ಎರಡೇ ಮಾದರಿ, 69,900 ಮತ್ತು 99,900 ರೂಪಾಯಿ. ಮರುವರ್ಷ ಜುಲೈಯಲ್ಲೇ 32 ಇಂಚಿನದು 12,999ಕ್ಕೆ! ದುಬಾರಿ ಹೆಸರು ಹತ್ತೇ ತಿಂಗಳಲ್ಲಿ ಅಗ್ಗದ ಗೋಡೆಯ ಸಾಲಿಗೆ ಬಂತು. 2023ರ ಹೊತ್ತಿಗೆ ಅವರು ಇಲ್ಲಿನ ಟಿ.ವಿ. ವ್ಯಾಪಾರದಿಂದ ಹಿಂದೆ ಸರಿಯುತ್ತಿರುವ ಸುದ್ದಿ ಬಂತು. ಆದ್ದರಿಂದ ಮೊದಲ ಮಾದರಿ ಬಂದಾಗ ಚಪ್ಪಾಳೆ ತಟ್ಟಬೇಡಿ, ಎರಡನೆಯ ವರ್ಷದ ಅತಿ ಅಗ್ಗದ ಮಾದರಿಯ ಬೆಲೆ ನೋಡಿ.

ಹಾಗಾದರೆ ಯಾರೂ ಬರಬಾರದೇ? ಬರಬಹುದು. ಡೆನ್ಮಾರ್ಕಿನ ಬ್ಯಾಂಗ್ ಆ್ಯಂಡ್ ಓಲುಫ್‌ಸನ್ ಎಲ್‌ಜಿಯ ಒಎಲ್‌ಇಡಿ ಕೊಂಡು, ತನ್ನ ಸ್ಪೀಕರು ಸೇರಿಸಿ, ಕೆಲವೇ ಶ್ರೀಮಂತರಿಗೆ ಮಾರುತ್ತದೆ. ಸಣ್ಣ ಕಂಪನಿಗೆ ಅಂಥ ಸಣ್ಣ ಸಂಖ್ಯೆ ಸಾಕು. ಆಪಲ್ ಸ್ವತಃ 2022ರಲ್ಲಿ 27 ಇಂಚಿನ ಸ್ಟುಡಿಯೊ ಡಿಸ್‌ಪ್ಲೇಯನ್ನು 1,59,900 ರೂಪಾಯಿಗೆ ತಂದಿತು. ಅದು ಮ್ಯಾಕ್ ಇಟ್ಟುಕೊಂಡು ಕೆಲಸ ಮಾಡುವವರಿಗಾಗಿ ಮಾಡಿದ ಮಾನಿಟರು. ಆ ಗಿರಾಕಿ ಪಕ್ಕದ ಗೋಡೆಯ ಬೆಲೆ ನೋಡುವುದಿಲ್ಲ. ಟಿ.ವಿ.ಯಲ್ಲೂ ಹೀಗೆ ತನ್ನಿಂದ ಮಾತ್ರ ಆಗುವ, ಚಿಕ್ಕ ಪೆಟ್ಟಿಗೆಯಿಂದ ಆಗದ ಒಂದು ಕೆಲಸವನ್ನು ಕಂಪನಿ ತೋರಿಸಿದರೆ ನಾನು ಅಭಿಪ್ರಾಯ ಬದಲಿಸುತ್ತೇನೆ. ಈವರೆಗೆ ತೋರಿಸಿಲ್ಲ. ಆಪಲ್ ಪರದೆಗೆ ಇಳಿಯಬಾರದು ಎಂಬುದೇ ನನ್ನ ಲೆಕ್ಕ.

ಸುದ್ದಿಯನ್ನು ಓದುವಾಗ

2011ರಲ್ಲಿ ಹೊರಬಂದ ಜಾಬ್ಸ್ ಜೀವನಚರಿತ್ರೆಯಲ್ಲಿ, ಟಿ.ವಿ.ಯ ಒಗಟನ್ನು ಕೊನೆಗೂ ಬಿಡಿಸಿದೆ ಎಂದು ಅವರು ಹೇಳಿದ ಮಾತಿದೆ. ಅದನ್ನು ಹಿಡಿದು ಅಮೆರಿಕದ ಷೇರುಪೇಟೆಯಾದ ವಾಲ್‌ಸ್ಟ್ರೀಟ್ ವರ್ಷಗಟ್ಟಲೆ ಕಾಯಿತು. ಜೀನ್ ಮನ್‌ಸ್ಟರ್ ಎಂಬ ವಿಶ್ಲೇಷಕರು ಪ್ರತಿವರ್ಷ ಆಪಲ್ ಸೆಟ್ ಬರುತ್ತದೆಂದರು. 2015ರ ಮೇ ತಿಂಗಳಲ್ಲಿ ದೊಡ್ಡ ಹೂಡಿಕೆದಾರ ಕಾರ್ಲ್ ಐಕಾನ್ ಅವರು ಆಗ ಆಪಲ್ ಮುಖ್ಯಸ್ಥರಾಗಿದ್ದ ಟಿಮ್ ಕುಕ್ ಅವರಿಗೆ ಬರೆದ ಪತ್ರದಲ್ಲಿ, 2016ರಲ್ಲಿ 55 ಮತ್ತು 65 ಇಂಚಿನ ಸೆಟ್‌ಗಳು ಬರುವವೆಂದು ಅಂದಾಜು ಕಟ್ಟಿದರು. ಅದೇ ಹೊತ್ತಿಗೆ ವಾಲ್‌ಸ್ಟ್ರೀಟ್ ಜರ್ನಲ್ ವರದಿ ಮಾಡಿತು: ಆ ಯೋಜನೆಯನ್ನು ಆಪಲ್ ವರ್ಷದ ಹಿಂದೆಯೇ ಕಟ್ಟಿಟ್ಟಿದೆ! ಅಕ್ಕನ ಮಗನಿಗೆ ಈ ಭಾಗವನ್ನು ಎರಡು ಸಲ ಓದಲು ಹೇಳಿದೆ.

ಭಾರತದಲ್ಲಿ ಕೂತವರಿಗೆ ಒಂದು ಅನುಕೂಲವಿದೆ. ಇಲ್ಲಿ ಟಿ.ವಿ. ಮಾರಬೇಕಾದರೆ ಬಿಐಎಸ್ (ಸರಕಿನ ಗುಣಮಟ್ಟ ನೋಡುವ ಸರ್ಕಾರಿ ಸಂಸ್ಥೆ) ನೋಂದಣಿ ಕಡ್ಡಾಯ. 2020ರ ಜುಲೈಯಿಂದ ತಯಾರಾದ ಬಣ್ಣದ ಟಿ.ವಿ.ಗಳ ಆಮದು ನಿರ್ಬಂಧಿತ ಪಟ್ಟಿಯಲ್ಲಿರುವುದರಿಂದ ಹೊರಗಿನಿಂದ ತರಲು ಪರವಾನಗಿಯೂ ಬೇಕು. ಕಾಗದಪತ್ರವಿಲ್ಲದೆ ಕಂಟೇನರು ಬಂದರಿನಿಂದ ಹೊರಡುವುದಿಲ್ಲ. ನೋಂದಣಿಯಲ್ಲಿ ಕಂಪನಿಯ ಹೆಸರಿನ ಟಿ.ವಿ. ಮಾದರಿ ಕಾಣುವವರೆಗೆ ಷೇರು ಕೊಳ್ಳಲೂ ಬೇಡಿ, ಇದೊಂದೇ ಸುದ್ದಿಗೆ ಹೆದರಿ ಮಾರಲೂ ಬೇಡಿ. ಕಂಡ ದಿನ ಅದು ಎಷ್ಟು ಇಂಚಿನದು, ಪ್ಯಾನಲ್ ಯಾರದು, ಮನೆಗೆ ತಂದು ಕೂರಿಸುವ ಗುತ್ತಿಗೆ ಯಾರಿಗೆ ಹೋಗಿದೆ ಎಂದು ವಿಚಾರಿಸಿ, ಒಂದು ಲಕ್ಷದ ಲೆಕ್ಕವನ್ನು ನಿಜವಾದ ಬೆಲೆಗೆ ಹಾಕಿ ನೋಡಿ.